ಲಿಫ್ಟ್ ಬಂದದ

ನಿವೃತ್ತನಾಗಿ ಎಂಟು ತಿಂಗಳಾದ ಮೇಲೆ ಕಂಪನಿಗೆ ನನ್ನ ನೆನಪಾಯಿತು. ಎಚ್‌ಆರ್ ವಿಭಾಗದ ಹುಡುಗಿಯೊಬ್ಬಳು ಫೋನ್ ಮಾಡಿ, ಹೊಸದಾಗಿ ಸೂಪರ್‌ವೈಸರ್ ಆಗುವವರಿಗೆ ದಾರಿದೀಪವಾಗುವಂತೆ ನನ್ನ 'ಲೀಡರ್‌ಶಿಪ್ ಜರ್ನಿ' ಬರೆದುಕೊಡಬೇಕೆಂದು ಕೇಳಿದಳು. ಬದುಕಿನ ದೊಡ್ಡ ತಿರುವುಗಳನ್ನು ಹೇಗೆ ದಾಟಿದೆ, ನಾಯಕನಾಗಿ ಹೇಗೆ ಬೆಳೆದೆ, ಅಷ್ಟೇ. ಮುನ್ನೂರು ಶಬ್ದ, ಜೊತೆಗೆ ನಗುತ್ತಿರುವ ಒಂದು ಫೋಟೊ. "ಸರ್, ಥೋಡಾ ಪಾಸಿಟಿವ್ ರಖಿಯೇಗಾ" ಎಂದು ಕೊನೆಗೆ ಸೇರಿಸಿದಳು.

ನಾನು ಮೂವತ್ತನಾಲ್ಕು ವರ್ಷ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳಲ್ಲಿ ಲಿಫ್ಟ್ ರಿಪೇರಿ ಮಾಡಿದವನು. ನಮ್ಮ ಕಸುಬಿನಲ್ಲಿ ಪ್ರಯಾಣ ಅಂದರೆ ಮೇಲೆ ಹೋಗುವುದು, ಕೆಳಗೆ ಬರುವುದು. ನಡುವೆ ತಿರುವು ಬಂದರೆ ಪೊಲೀಸರೂ ಬರುತ್ತಾರೆ. ಆದರೂ ಬರೆಯಲು ಕುಳಿತೆ. ಮುನ್ನೂರು ಶಬ್ದದಲ್ಲಿ ಮುಗಿಯಲಿಲ್ಲ, ಪಾಸಿಟಿವ್ ಕೂಡ ಆಗಲಿಲ್ಲ. ಕಂಪನಿ ಇದನ್ನು ಹಾಕಲಾರದು ಎಂದು ಎರಡನೇ ಪುಟದಲ್ಲೇ ಗೊತ್ತಾಯಿತು, ಹಾಗಾಗಿ ಧೈರ್ಯವಾಗಿ ಕನ್ನಡದಲ್ಲೇ ಬರೆದೆ. ಈ ಕೆಲಸಕ್ಕೆ ಸೇರುವ ನಮ್ಮ ಹುಡುಗರು ಓದಿದರೆ ಸಾಕು.

ಡೊಂಬಿವಲಿಯಲ್ಲಿ ಉಡುಪಿ ಕಡೆಯವನು ಎಂದ ತಕ್ಷಣ ಮುಂದಿನ ಪ್ರಶ್ನೆ "ಯಾವ ಹೋಟೆಲ್?" ಎಂದು. ನನ್ನದೂ ಹೋಟೆಲಿನಿಂದಲೇ ಶುರು. ಠಾಣೆಯಲ್ಲಿ ಸೋದರಮಾವನ ಹೋಟೆಲಿನ ಗಲ್ಲೆಯಲ್ಲಿ ಕೂರಲು ಬಂದವನು ನಾನು. ಅಲ್ಲಿ ಅಡುಗೆಮನೆಯಿಂದ ಮೇಲಿನ ಮಾಳಿಗೆಗೆ ತಟ್ಟೆ ಸಾಗಿಸುವ ಪುಟ್ಟ ಲಿಫ್ಟ್ ಇತ್ತು. ಒಂದು ಬೆಳಿಗ್ಗೆ ಅದು ಹನ್ನೆರಡು ಪ್ಲೇಟ್ ಇಡ್ಲಿ ಸಾಂಬಾರ್ ಹೊತ್ತುಕೊಂಡು ನಡುವೆ ನಿಂತಿತು. ಮೇಲೆ ಗಿರಾಕಿಗಳ ಬೊಬ್ಬೆ, ಕೆಳಗೆ ಭಟ್ಟರ ಬೊಬ್ಬೆ. ನಾನು ಶೂರನಂತೆ ಒಳಗೆ ಕೈ ಹಾಕಿ ಹಗ್ಗ ಜಗ್ಗತೊಡಗಿದೆ. ರಿಪೇರಿಗೆ ಬಂದ ಸಾವಂತ್ ಮಾಮಾ ಲಿಫ್ಟನ್ನು ಮುಟ್ಟುವ ಮೊದಲು ನನ್ನ ಕೈಗೆ ಪಟಾರನೆ ಹೊಡೆದರು. ಆಮೇಲೆ ಮೇನ್ ಸ್ವಿಚ್ ಇಳಿಸಿ, ಅದಕ್ಕೊಂದು ಸಣ್ಣ ಬೀಗ ಜಡಿದು, ಚಾವಿಯನ್ನು ಅಂಗಿಯ ಕಿಸೆಗೆ ಹಾಕಿ, ಕಿಸೆಯ ಗುಂಡಿಯನ್ನೂ ಹಾಕಿಕೊಂಡರು.

"ಆಪ್ಲೀ ಚಾವೀ ಆಪ್ಲ್ಯಾ ಖಿಶಾತ್" ಎಂದರು. ನಮ್ಮ ಚಾವಿ ನಮ್ಮ ಕಿಸೆಯಲ್ಲಿ. ಒಳಗೆ ಕೈ ಹಾಕುವವನದೇ ಬೀಗ, ಅವನದೇ ಚಾವಿ, ಅವನು ಹೊರಗೆ ಬರುವ ತನಕ ದೇವರೇ ಬಂದು ಕೇಳಿದರೂ ಕೊಡಕೂಡದು. ಇಡ್ಲಿ ಬಿಡಿಸಿದ ಮರುವಾರ ನಾನು ಗಲ್ಲೆ ಬಿಟ್ಟು ಮಾಮಾನ ಹಿಂದೆ ಹೋದೆ. ಸೋದರಮಾವ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಆಗಿನ ಲಿಫ್ಟುಗಳು ಕಟಕಟ ಸದ್ದು ಮಾಡುತ್ತಿದ್ದವು. ಮಾಮಾ ಮಷಿನ್ ರೂಮಿನ ಬಾಗಿಲಿಗೆ ಒರಗಿ, ಕಣ್ಣು ಮುಚ್ಚಿ, ಬೀಡಿ ಸೇದುತ್ತ ಆ ಕಟಕಟ ಕೇಳಿ, ಯಾವ ಮಾಳಿಗೆಯ ಬಾಗಿಲು ಕೆಟ್ಟಿದೆ ಎಂದು ಹೇಳುತ್ತಿದ್ದರು. ಆಮೇಲೆ ಸದ್ದಿಲ್ಲದ ಬೋರ್ಡುಗಳು ಬಂದವು, ಕೆಟ್ಟರೆ ಪರದೆಯ ಮೇಲೆ ಅಂಕೆ ತೋರಿಸುವಂಥವು. ಈಗ ಲಿಫ್ಟ್ ತನ್ನ ರೋಗವನ್ನು ತಾನೇ ಮೊಬೈಲಿಗೆ ಕಳಿಸುತ್ತದೆ. ಮೆಕ್ಯಾನಿಕ್ ಅದರ ಮುಂದೆ ನಿಂತು ಸೆಲ್ಫಿ ತೆಗೆದು, ಮೂವತ್ತೆಂಟು ಪ್ರಶ್ನೆಗಳಿಗೆ ಟಿಕ್ ಹಾಕಬೇಕು. ಮೂವತ್ತೆಂಟಕ್ಕೂ ಟಿಕ್ ಹಾಕಲು ಚಹಾದಂಗಡಿಯಲ್ಲಿ ಅರ್ಧ ಲೋಟದ ಕಟಿಂಗ್ ಚಹಾ ಮುಗಿಯುವಷ್ಟು ಹೊತ್ತು ಸಾಕು. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ, ಚಹಾ ನನ್ನದೇ ಆಗಿತ್ತು.

ಲಿಫ್ಟಿಗಿಂತ ಅದರಲ್ಲಿ ಹತ್ತುವವರು ಹೆಚ್ಚು ಕೆಡುತ್ತಾರೆ ಎಂಬುದು ನನಗೆ ತಿಳಿದದ್ದು ನೆರೂಳಿನಲ್ಲಿ. ಅಲ್ಲಿನ ಒಂದು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಿವೃತ್ತ ಅಧಿಕಾರಿ. ಬಾಗಿಲು ತೆರೆದಿಟ್ಟರೆ ಲಿಫ್ಟಿನೊಳಗಿನ ಹೆಂಗಸಿನ ದನಿ "ಕೃಪಯಾ ದರ್ವಾಜಾ ಬಂದ್ ಕರೇಂ" ಎನ್ನುತ್ತಿತ್ತಲ್ಲ, ಅದು ಯಾವ ಭಾಷೆಯಲ್ಲಿರಬೇಕು ಎಂದು ಆ ಸೊಸೈಟಿ ಮೂರು ಸಭೆ ನಡೆಸಿತು. ಒಂದು ಪಕ್ಷಕ್ಕೆ ಮರಾಠಿ ಬೇಕು, ಒಂದಕ್ಕೆ ಇಂಗ್ಲಿಷ್, ಇನ್ನೊಂದಕ್ಕೆ ದನಿ ಯಾವ ಭಾಷೆಯದಾದರೂ ಸರಿ, ಸ್ವಲ್ಪ ವಯಸ್ಸಾದವಳದಾಗಿರಬೇಕು. ಸೆಕ್ರೆಟರಿ ನನಗೆ ಹನ್ನೊಂದು ಪತ್ರ ಬರೆದರು. ಕೊನೆಗೆ ಮೂರೂ ಭಾಷೆಯಲ್ಲಿ ಹೇಳುವ ಚಿಪ್ ಹಾಕಿದೆ. ಅವಳು ಮೂರು ಭಾಷೆಯಲ್ಲಿ ಹೇಳಿ ಮುಗಿಸುವ ತನಕ ಬಾಗಿಲು ಹಿಡಿದು ನಿಂತು ಕೇಳುವುದು ಅಲ್ಲಿಯ ಮಕ್ಕಳಿಗೆ ಆಟವಾಯಿತು. ಬಾಗಿಲನ್ನು ಮಾತ್ರ ಯಾರೂ ಮುಚ್ಚಲಿಲ್ಲ.

ಹೀಗಿರುವಾಗ ನನ್ನನ್ನು ಸೂಪರ್‌ವೈಸರ್ ಮಾಡಿದರು. ಮೊದಲ ಬದಲಾವಣೆ ಅಂಗಿಯಲ್ಲಿ ಆಯಿತು, ನೀಲಿ ಹೋಗಿ ಬಿಳಿ ಬಂತು. ಬಿಳಿ ಅಂಗಿಗೆ ಗ್ರೀಸ್ ತಾಗಬಾರದಲ್ಲ, ಆದ್ದರಿಂದ ಎರಡನೇ ಬದಲಾವಣೆ ತಾನಾಗಿಯೇ ಆಯಿತು: ಕೈ ಕೆಲಸ ಬಿಟ್ಟಿತು, ಬಾಯಿ ಶುರುವಾಯಿತು. ವಾಶಿಯ ಹೋಟೆಲೊಂದರಲ್ಲಿ ಮೂರು ದಿನ ನಾಯಕತ್ವದ ತರಬೇತಿ ಕೊಟ್ಟರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹಿಂದಕ್ಕೆ ಬೀಳಬೇಕು, ಹಿಂದಿದ್ದ ಸಹೋದ್ಯೋಗಿ ಹಿಡಿಯಬೇಕು, ಅದರಿಂದ ವಿಶ್ವಾಸ ಬೆಳೆಯುತ್ತದಂತೆ. ನಾನು ಎಂಬತ್ತೆರಡು ಕಿಲೊ. ನನ್ನ ಹಿಂದೆ ಇದ್ದವನು ಸ್ಟೋರ್ ಕೀಪರ್, ಹೆಚ್ಚೆಂದರೆ ಐವತ್ತು. ಅವನು ನನ್ನನ್ನು ಹಿಡಿದ ಅನ್ನುವುದಕ್ಕಿಂತ ನಾನು ಅವನ ಮೇಲೆ ಬಿದ್ದೆ ಅನ್ನುವುದು ಸರಿ. ಊಟ ಮಾತ್ರ ಚೆನ್ನಾಗಿತ್ತು.

ತರಬೇತಿ ಮುಗಿಸಿದವರೆಲ್ಲ ಒಂದೊಂದು 'ಸುಧಾರಣೆ' ಮಾಡಿ ತೋರಿಸಬೇಕಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನೂ ಸುತ್ತಲೂ ನೋಡಿದೆ, ಎತ್ತಿ ಒಗೆಯಲು ಏನಾದರೂ ಸಿಕ್ಕೀತೆಂದು. ಸಿಕ್ಕಿದ್ದು ಚಾವಿಗಳು. ನಮ್ಮ ಒಬ್ಬ ಮೆಕ್ಯಾನಿಕ್ ಬೀಗ ಹಾಕಿ, ಚಾವಿ ಕಿಸೆಯಲ್ಲಿಟ್ಟುಕೊಂಡು, ಹಾಗೇ ಸೋಲಾಪುರಕ್ಕೆ ಮದುವೆಗೆ ಹೋಗಿಬಿಟ್ಟಿದ್ದ. ಠಾಣೆಯ ಆ ಕಟ್ಟಡದವರು ಎರಡು ದಿನ ಮೆಟ್ಟಿಲು ಹತ್ತಿದರು. ಅದೂ ಅಲ್ಲದೆ ಲಿಫ್ಟಿನ ತಳದ ಹೊಂಡಕ್ಕೆ ಇಳಿಯುವವನು ಮೊದಲು ಮೇಲೆ ಮಷಿನ್ ರೂಮಿನ ತನಕ ಹೋಗಿ, ತನ್ನ ಬೀಗ ಹಾಕಿ, ಮತ್ತೆ ಕೆಳಗೆ ಬರಬೇಕು. ಟವರುಗಳು ಎತ್ತರವಾದಷ್ಟೂ ಹೊತ್ತು ಹಾಳು. ಆದ್ದರಿಂದ ಇನ್ನು ಮೇಲೆ ಎಲ್ಲ ಬೀಗ, ಎಲ್ಲ ಚಾವಿ ಸೂಪರ್‌ವೈಸರ್ ಬಳಿ, ಒಂದೇ ರಿಂಗಿನಲ್ಲಿ. ಅವನು ಮೇಲೆ ನಿಂತು ಬೀಗ ಹಾಕುತ್ತಾನೆ, ಮೆಕ್ಯಾನಿಕ್ ಕೆಳಗೆ ನಿಶ್ಚಿಂತೆಯಾಗಿ ಕೆಲಸ ಮಾಡುತ್ತಾನೆ.

ನಮ್ಮ ಸರ್ವಿಸ್ ಮ್ಯಾನೇಜರ್ ಪ್ರಧಾನ್ ಸಾಹೇಬರಿಗೆ ಇದು ಬಹಳ ಹಿಡಿಸಿತು. ಅವರು ಲಿಫ್ಟಿನ ಬಾವಿಗೆ ಇಳಿದವರಲ್ಲ, ಸ್ಲೈಡಿಗೆ ಇಳಿದವರು. ಯಾವ ವಿಷಯವನ್ನಾದರೂ ನಾಲ್ಕು ಬಾಣ, ಒಂದು ವೃತ್ತದಲ್ಲಿ ತೋರಿಸಿಬಿಡುತ್ತಿದ್ದರು. ನನ್ನ ಚಾವಿ ಗೊಂಚಲಿನ ಫೋಟೊ ಮುಖ್ಯ ಕಚೇರಿಯ ತನಕ ಹೋಯಿತು, ನನಗೆ ಲ್ಯಾಮಿನೇಟ್ ಮಾಡಿದ ಸರ್ಟಿಫಿಕೇಟ್ ಬಂತು. ನಿವೃತ್ತರಾಗಿ ಕಳವಾದಲ್ಲಿದ್ದ ಮಾಮಾಗೆ ಹೆಮ್ಮೆಯಿಂದ ಫೋನ್ ಮಾಡಿದೆ. ಅವರು "ಚಾವೀ ತುಝ್ಯಾ ಖಿಶಾತ್, ಆಣಿ ಮಾಣೂಸ್ ಖಡ್ಡ್ಯಾತ್?" ಎಂದರು. ಚಾವಿ ನಿನ್ನ ಕಿಸೆಯಲ್ಲಿ, ಮನುಷ್ಯ ಹೊಂಡದಲ್ಲಿ? ವಯಸ್ಸಾಯಿತು, ಹೊಸ ಪದ್ಧತಿ ಇವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ಫೋನ್ ಇಟ್ಟೆ.

ಇನ್ನು ಶರಣಪ್ಪ. ಕಲಬುರಗಿ ಜಿಲ್ಲೆಯ ಆಳಂದದ ಕಡೆಯವನು. ಡೊಂಬಿವಲಿಯಲ್ಲಿ ಒಂದು ಟವರ್ ಏಳುತ್ತಿದ್ದಾಗ ಅಲ್ಲಿ ಇಟ್ಟಿಗೆ ಹೊರುತ್ತಿದ್ದ. ನಾವು ಲಿಫ್ಟ್ ಕೂರಿಸುವಾಗ ಊಟದ ಬಿಡುವಿನಲ್ಲಿ ಬಂದು ನಿಂತು ನೋಡುತ್ತಿದ್ದ. ಒಂದು ದಿನ "ಸರ, ಎಡಗಡೆ ಏನೋ ಉಜ್ಜಲಿಕತ್ತದ, ಕೇಳ್ರಿ" ಎಂದ. ಕೇಳಿದರೆ ಹೌದು. ಮಾಮಾನ ನಂತರ ಅಂಥ ಕಿವಿ ನಾನು ಕಂಡದ್ದು ಅವನೊಬ್ಬನಲ್ಲೇ. ಹೆಲ್ಪರ್ ಮಾಡಿಸಿದೆ, ಆರು ವರ್ಷದಲ್ಲಿ ನನ್ನ ಅತ್ಯುತ್ತಮ ಮೆಕ್ಯಾನಿಕ್ ಆದ. ನನ್ನ ಕನ್ನಡ ಅವನಿಗೆ ದೊಡ್ಡ ತಮಾಷೆ. "ನಿಮ್ದು ಪುಸ್ತಕದ ಕನ್ನಡ ಬಿಡ್ರಿ ಸರ. ನಿಮ್ಮ ಕಡೆ ಎಲ್ಲಾ 'ಉಂಟು', ನಮ್ಮ ಕಡೆ ಬರೇ 'ಅದ'" ಎನ್ನುತ್ತಿದ್ದ. ನಾನು ನಗುತ್ತಿದ್ದೆ. ಆ ಎರಡು ಪದಗಳ ನಡುವೆ ಒಂದು ಹೊಂಡವಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಕಲ್ಯಾಣ್ ಪಶ್ಚಿಮದಲ್ಲಿ ಇಪ್ಪತ್ತೆರಡು ಮಾಳಿಗೆಯ ಒಂದು ಟವರ್. ಮಳೆಗಾಲ, ಬೆಳಿಗ್ಗೆ ಹನ್ನೊಂದರ ಹೊತ್ತು. ಲಿಫ್ಟ್ ಓಡಾಡುವ ಬಾವಿಯ ತಳದಲ್ಲಿ, ನೆಲಮಟ್ಟಕ್ಕಿಂತ ಕೆಳಗೆ, ಆಳೆತ್ತರದ ಹೊಂಡವಿರುತ್ತದೆ. ಅದಕ್ಕೆ ಮಳೆನೀರು ನುಗ್ಗಿತ್ತು. ಹೊಂಡದ ಗೋಡೆಯಲ್ಲಿ ಒಂದು ಕೆಂಪು ಬಟನ್. ಒಳಗೆ ಇಳಿದವನು ಅದನ್ನು ಒತ್ತಿದರೆ ಲಿಫ್ಟ್ ಅಲ್ಲಾಡಕೂಡದು. ನೀರು ಹೊಕ್ಕಿದ್ದು ಅದಕ್ಕೇ. ಬಟನ್ ಒಮ್ಮೆ ಹಿಡಿಯುತ್ತಿತ್ತು, ಒಮ್ಮೆ ಬಿಡುತ್ತಿತ್ತು, ಲಿಫ್ಟ್ ಮನಸ್ಸು ಬಂದಲ್ಲಿ ನಿಲ್ಲುತ್ತಿತ್ತು. ಅಂದೇ ಆ ಸೊಸೈಟಿಯ ಚೇರ್ಮನ್ನರ ಮಗಳ ನಿಶ್ಚಿತಾರ್ಥ, ಹದಿನೆಂಟನೇ ಮಾಳಿಗೆಗೆ ಬೀಗರು ಬರುವವರು. ಪ್ರಧಾನ್ ಸಾಹೇಬರು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ, ಎಷ್ಟಾಯಿತು ಎಂದು ಕೇಳುತ್ತಿದ್ದರು.

ನಾನು ಚಾವಿ ಗೊಂಚಲಿನೊಡನೆ ಮೇಲೆ ಮಷಿನ್ ರೂಮಿನಲ್ಲಿ. ಶರಣಪ್ಪ ಕೆಳಗೆ ಗ್ರೌಂಡ್ ಫ್ಲೋರಿನ ಬಾಗಿಲ ಬಳಿ. ಫೋನಿನಲ್ಲಿ ಸ್ಪಷ್ಟವಾಗಿಯೇ ಹೇಳಿದೆ: "ನೋಡು ಶರಣಪ್ಪ, ನಾನು ಲಿಫ್ಟ್ ಕೆಳಗೆ ಕಳಿಸ್ತೇನೆ. ಬಂತೋ, ನೀನು ಅದರೊಳಗೆ ಹತ್ತಿ ನಿಲ್ಲು, ಮೇಲೆ ಓಡಿಸಿ ನೋಡುವ. ನಡುವೆ ಸತ್ತು ನಿಂತಿತೋ, ನಾನು ಮೇನ್ ಆಫ್ ಮಾಡಿ ಬೀಗ ಹಾಕ್ತೇನೆ, ನೀನು ಹೊಂಡಕ್ಕೆ ಇಳಿದು ಬಟನ್ ಬದಲಿಸು. ಎಂತ ಆಯ್ತಂತ ಹೇಳು."

ಲಿಫ್ಟ್ ಕಳಿಸಿದೆ. ಅರ್ಧ ನಿಮಿಷದಲ್ಲಿ ಶರಣಪ್ಪನ ದನಿ ಬಂತು: "ಲಿಫ್ಟ್ ಬಂದದ್ರಿ ಸರ. ನಾ ಒಳಗ ಹೋಗ್ತೀನ್ರಿ."

ಲಿಫ್ಟ್ ಬಂದಿದೆ, ಅದರೊಳಗೆ ಹತ್ತುತ್ತಿದ್ದಾನೆ. "ಆಯ್ತು, ಹೋಗು ಹೋಗು" ಎಂದೆ. ಮೇಲಕ್ಕೆ ಓಡಿಸುವ ಮೊದಲು ಪ್ಯಾನೆಲನ್ನು ರೀಸೆಟ್ ಮಾಡಬೇಕಿತ್ತು, ಮಾಡಿದೆ. ಇಲ್ಲಿ ಹೊಸಬರಿಗೆ ಒಂದು ಮಾತು. ರೀಸೆಟ್ ಆದ ಲಿಫ್ಟಿಗೆ ತಾನು ಎಷ್ಟನೇ ಮಾಳಿಗೆಯಲ್ಲಿದ್ದೇನೆ ಎಂಬುದು ಮರೆತುಹೋಗುತ್ತದೆ. ಅದು ಮೊದಲು ತಾನಾಗಿಯೇ ನಿಧಾನವಾಗಿ ತಳಕ್ಕೆ ಇಳಿದು, ಅಲ್ಲಿಂದ ಎಣಿಕೆ ಶುರು ಮಾಡುತ್ತದೆ. ಎಲ್ಲಿದ್ದೇನೆಂದು ಮರೆತ ಸಾಹೇಬರು ಹೀಗೆ ಮಾಡಿದ್ದನ್ನು ನಾನು ನೋಡಿಲ್ಲ, ಅವರು ಮೇಲಕ್ಕೇ ಹೋಗುತ್ತಾರೆ.

ಲಿಫ್ಟ್ ಬಂದಿರಲಿಲ್ಲ. ಮೊದಲ ಮಾಳಿಗೆಯ ಮೇಲೆ ದೀಪ ಆರಿ ನಿಂತಿತ್ತು. ಶರಣಪ್ಪ ಹೇಳಿದ್ದು, ಇದು ನನಗೆ ತಿಳಿದದ್ದು ಬಹಳ ಆಮೇಲೆ, ಲಿಫ್ಟ್ ಬಂದ್ ಅದ ಎಂದು. ಆಫ್ ಆಗಿದೆ, ನಾನು ಹೊಂಡದೊಳಗೆ ಹೋಗುತ್ತೇನೆ ಎಂದು. ನಾನು ಹೋಗು ಹೋಗು ಎಂದೆ, ಅವನು ಹೋದ. ಮಕ್ಕಳು ಬಂದು ಇಣುಕಿ ಬಿದ್ದಾರೆಂದು ಬಾಗಿಲನ್ನೂ ಎಳೆದುಕೊಂಡಿದ್ದ. ಬಾಗಿಲು ತೆರೆದಿದ್ದರೆ ಲಿಫ್ಟ್ ಓಡುತ್ತಿರಲಿಲ್ಲ. ಒದ್ದೆ ಬಟನ್ ಆ ಗಳಿಗೆಯಲ್ಲಿ ಹಿಡಿಯಲಿಲ್ಲ. ಲಿಫ್ಟ್ ತನ್ನ ಎಣಿಕೆ ಹುಡುಕಿಕೊಂಡು ಇಳಿಯಿತು. ಅವನ ಕಿವಿ ಅವನನ್ನು ಉಳಿಸಿತು. ಸದ್ದು ಕೇಳಿದ್ದೇ ನೀರಿನಲ್ಲಿ ಅಂಗಾತ ಮಲಗಿಬಿಟ್ಟ. ಮೈ ಉಳಿಯಿತು, ತಳದ ಸ್ಪ್ರಿಂಗಿನ ಮೇಲಿದ್ದ ಬಲಗೈ ಉಳಿಯಲಿಲ್ಲ. ಎರಡು ಬೆರಳು ಹೋದವು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವನು ಹಲ್ಲು ಕಚ್ಚಿಕೊಂಡು "ಬಂದದ ಅಂತ ಹೇಳಿದ್ನೆಲ್ರಿ ಸರ!" ಎನ್ನುತ್ತಿದ್ದ. ನಾನು "ಬಂದದ ಅಂತ ಯಾಕೆ ಹೇಳಿದ್ದು ಮಾರಾಯ?" ಎನ್ನುತ್ತಿದ್ದೆ. ಇಬ್ಬರ ಕಣ್ಣಲ್ಲೂ ನೀರು. ಇಬ್ಬರೂ ಒಂದೇ ಮಾತು ಹೇಳುತ್ತ ಒಬ್ಬರ ಮೇಲೊಬ್ಬರು ಸಿಟ್ಟಾಗಿದ್ದೆವು.

ಮೂರನೇ ದಿನ ಪ್ರಧಾನ್ ಸಾಹೇಬರು ವರದಿಯ ಫಾರ್ಮ್ ಕಳಿಸಿದರು. 'ಅಪಘಾತದ ಕಾರಣ' ಎಂಬ ಜಾಗದಲ್ಲಿ ಎರಡು ಸಾಲು ಬರೆಯಲು ಮಾತ್ರ ಎಡೆ. ದೊಡ್ಡ ತಪ್ಪುಗಳು ಹಿಡಿಯದಂತೆ ಅದನ್ನು ಅಳೆದೇ ಮಾಡಿರುತ್ತಾರೆ. ನಾನು ಇಂಗ್ಲಿಷಿನಲ್ಲಿ ಬರೆದೆ: ಲಿಫ್ಟ್ ಬಂದಿದೆ ಎಂದು ಮೆಕ್ಯಾನಿಕ್ ತಪ್ಪು ಸಂದೇಶ ಕೊಟ್ಟು ಹೊಂಡಕ್ಕೆ ಇಳಿದದ್ದೇ ಕಾರಣ. ಚಾವಿಯ ವಿಷಯ ಬರೆಯಲಿಲ್ಲ. ಸರ್ಟಿಫಿಕೇಟ್ ಮನೆಯ ಗೋಡೆಯ ಮೇಲಿತ್ತು. ಶರಣಪ್ಪ ಎಡಗೈಯಲ್ಲಿ ಸಹಿ ಹಾಕುತ್ತ, "ಏನ್ ಬರ್ದೀರಿ ಸರ ಇದರಾಗ?" ಎಂದು ಕೇಳಿದ. "ಇದ್ದದ್ದೇ ಬರೆದಿದ್ದೇನೆ" ಎಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎತ್ತು ನಾನು, ಬರೆ ಹಾಕಿದವನೂ ನಾನೇ. ವರದಿ ಹೋದ ವಾರವೇ ಮೊಬೈಲ್ ಆ್ಯಪಿನ ಮೆಕ್ಯಾನಿಕ್ಕುಗಳ ಪಟ್ಟಿಯಿಂದ ಅವನ ಹೆಸರು ತೆಗೆದರು. ಕೈ ವಾಸಿಯಾದ ಮೇಲೆ ಸ್ಟೋರಿನಲ್ಲಿ ಬೋಲ್ಟ್ ಎಣಿಸಲಿ ಎಂದಾಯಿತು.

ಎರಡು ವಾರ ಬಿಟ್ಟು ದಿವಾದಲ್ಲಿದ್ದ ಅವನ ಖೋಲಿಗೆ ಹೋದೆ. ಬಾಳೆಹಣ್ಣು ಒಯ್ದಿದ್ದೆ. ಶರಣಪ್ಪ ಮಂಚದ ಮೇಲೆ, ಅವನ ಹೆಂಡತಿ ಮಹಾದೇವಿ ಕೆಳಗೆ, ಬಾಗಿಲ ಬಳಿ ಖಾಲಿ ಕೊಡಗಳ ಸಾಲು. ಮಾತಿಗೆಂದು "ನೀರಿಗೆ ತೊಂದರೆ ಉಂಟಾ ಇಲ್ಲಿ?" ಎಂದು ಕೇಳಿದೆ.

"ನಳಾ ಬಂದದ್ರಿ" ಎಂದಳು ಮಹಾದೇವಿ.

"ಹಾಗಾದರೆ ಹೋಗಿ ತುಂಬಿಸಿಕೊಳ್ಳಮ್ಮ, ನಾನು ಕೂತಿರ್ತೇನೆ."

ಅವಳು ನನ್ನ ಮುಖವನ್ನೇ ನೋಡಿದಳು. "ಎಲ್ಲಿಂದ ತುಂಬಲ್ರಿ? ಮುಂಜಾನಿಂದ ನಳಾ ಬಂದದ ಅಂತ ಹೇಳ್ಲಿಕತ್ತೀನಿ!"

ಶರಣಪ್ಪನಿಗೆ ನಗು ಬಂತು. "ಹಂಗ ಹೇಳಿದ್ರ ಸರಗ ತಿಳಿಯಂಗಿಲ್ಲ ಬಿಡು. ಅವರದು ಪುಸ್ತಕದ ಕನ್ನಡ. ಸರ, ನಳಾ ಬಂದ್. ಬಂದ್... ಅದ."

ಎರಡು ಪದಗಳನ್ನು ಬಿಡಿಸಿ ಹೇಳಿದವನ ನಗು ಅಲ್ಲೇ ನಿಂತಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನ್ನ ಊರಿನಲ್ಲಿ ಅದನ್ನು 'ಬಂದ್ ಉಂಟು' ಎನ್ನುತ್ತೇವೆ. 'ಬಂದಿದೆ' ಬೇರೆ, 'ಬಂದ್ ಉಂಟು' ಬೇರೆ, ಎಷ್ಟು ಅವಸರದಲ್ಲಿ ಹೇಳಿದರೂ ಕೂಡುವುದಿಲ್ಲ. ಅವನ ಊರಿನ ಬಾಯಲ್ಲಿ ಎರಡೂ ಒಂದೇ. ಕೊಡಗಳ ಮುಂದೆ ಕುಳಿತ ಮಹಾದೇವಿಗೆ ಇದರಿಂದ ಗೊಂದಲವಾಗುವುದಿಲ್ಲ, ಕೊಡ ಖಾಲಿಯೋ ತುಂಬಿದೆಯೋ ಕಾಣುತ್ತದೆ. ಇಪ್ಪತ್ತೆರಡು ಮಾಳಿಗೆಯ ಮೇಲೆ ನಿಂತವನಿಗೆ ಏನೂ ಕಾಣುವುದಿಲ್ಲ.

"ಹಂಗಾದ್ರ ಸರ, ಆ ಕಾಗದ?" ಎಂದ ಶರಣಪ್ಪ.

"ನೋಡುವ" ಎಂದೆ. ನಮ್ಮ ಕಡೆಯವರು 'ನೋಡುವ' ಎಂದರೆ ಏನೂ ಆಗುವುದಿಲ್ಲ ಎಂದು ಅರ್ಥ. ಅದು ಮಾತ್ರ ಅವನಿಗೆ ಸರಿಯಾಗಿ ಅರ್ಥವಾಯಿತು, ಮುಖ ತಿರುಗಿಸಿಕೊಂಡ.

ಹತ್ತೊಂಬತ್ತು ದಿನ ಏನೂ ಮಾಡಲಿಲ್ಲ. ನಾನು ಹೆದರಿದ್ದೆ. ಮಗಳ ಕಾಲೇಜು, ಮನೆಯ ಸಾಲ, ಬಿಳಿ ಅಂಗಿ, ಎಲ್ಲವೂ ಒಂದೊಂದು ನೆಪ. ಹೊಸ ವರದಿಯನ್ನು ಬರೆದು ಚೀಲದಲ್ಲಿಟ್ಟುಕೊಂಡು ದಿನಾ ಡೊಂಬಿವಲಿಯಿಂದ ಹೊರಟು, ದಿನಾ ಹಾಗೇ ಮನೆಗೆ ತರುತ್ತಿದ್ದೆ. ಊಟದ ಡಬ್ಬಿಯ ಸಾರು ಅದರ ಮೇಲೆ ಎರಡು ಸಲ ಚೆಲ್ಲಿತು.

ಅಷ್ಟರಲ್ಲಿ ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ ಶುರುವಾಯಿತು. ತುರ್ಭೆಯ ನಮ್ಮ ಡಿಪೊದಲ್ಲಿ ಸುರಕ್ಷತಾ ತರಬೇತಿ. ಪ್ರಧಾನ್ ಸಾಹೇಬರ ಹೊಸ ಸ್ಲೈಡಿನಲ್ಲಿ ಹೊಂಡದೊಳಗೆ ಒಂದು ಕಡ್ಡಿಮನುಷ್ಯ, ಮೇಲೆ 'ತಪ್ಪು ಸಂದೇಶ' ಎಂಬ ಕೆಂಪು ಅಕ್ಷರ. ನಮ್ಮಲ್ಲಿ ಕನ್ನಡದ ಮೆಕ್ಯಾನಿಕ್ಕುಗಳು ಬಹಳ, ಅವರಿಗೆ ತಿಳಿಯುವಂತೆ ವಿವರಿಸಲು ನನ್ನನ್ನೇ ನಿಲ್ಲಿಸಿದರು. ಹಾಜರಿ ಎಲ್ಲರಿಗೂ ಕಡ್ಡಾಯ, ಆದ್ದರಿಂದ ಸ್ಟೋರಿನಿಂದ ಶರಣಪ್ಪನನ್ನೂ ಕರೆಸಿದ್ದರು. ಕೊನೆಯ ಸಾಲಿನಲ್ಲಿ ಕುಳಿತಿದ್ದ. ಬಲಗೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ತನ್ನದೇ ಕಥೆಯಲ್ಲಿ ತಾನು ಕಡ್ಡಿಮನುಷ್ಯನಾಗಿರುವುದನ್ನು ನೋಡುತ್ತಿದ್ದ.

ನಾನು ಓದಲು ಬಾಯಿ ತೆರೆದೆ. 'ಲಿಫ್ಟ್ ಬಂದಿದೆ ಎಂದು ಮೆಕ್ಯಾನಿಕ್ ಹೇಳಿದನು' ಎಂಬಲ್ಲಿಗೆ ಬಂದಾಗ ಓದುವುದನ್ನು ಬಿಟ್ಟು ಕೊನೆಯ ಸಾಲಿನತ್ತ ತಿರುಗಿದೆ.

"ಶರಣಪ್ಪ, ಆ ದಿನ ನೀನು ಎಂತ ಹೇಳಿದ್ದು? ಇವರಿಗೆ ಹೇಳು."

ಅವನು ಎದ್ದು ನಿಂತು, ಯಾರನ್ನೂ ನೋಡದೆ, "ಲಿಫ್ಟ್ ಬಂದದ ಅಂದೆ" ಎಂದ.

"ಅಂದರೆ ಏನು?" ಎಂದು ಸಭೆಯನ್ನು ಕೇಳಿದೆ. ಅರ್ಧ ಜನ ಬಂತು ಎಂದರು, ಅರ್ಧ ಜನ ಆಫ್ ಎಂದರು, ಆಮೇಲೆ ಪರಸ್ಪರ ಮುಖ ನೋಡಿಕೊಂಡರು. ಲಿಫ್ಟ್ ಆಫ್ ಆಗಿದ್ದರೆ ನಿಮ್ಮ ನಿಮ್ಮ ಊರಿನಲ್ಲಿ ಹೇಗೆ ಹೇಳುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದೆ. ರಾಯಚೂರಿನವನು ಬಂದದ ಎಂದ. ವಿಜಯಪುರದವನು ಬಂದೈತಿ ಎಂದ, ಲಿಫ್ಟ್ ಬಂದರೂ ಅವನಿಗೆ ಬಂದೈತಿಯೇ. ರತ್ನಾಗಿರಿಯವನು ಮರಾಠಿಯಲ್ಲಿ ಬಂದ್ ಆಹೇ ಎಂದ. ಯಾರೋ ನಕ್ಕರು, ಆಮೇಲೆ ಶರಣಪ್ಪನ ಕೈ ನೆನಪಾಗಿ ಸುಮ್ಮನಾದರು.

"ಅವನು ಸರಿಯಾಗಿಯೇ ಹೇಳಿದ್ದ. ನನಗೆ ಗೊತ್ತಾಗಲಿಲ್ಲ, ತಿರುಗಿ ಕೇಳಲೂ ಇಲ್ಲ. ಅವನ ಬೀಗದ ಚಾವಿ ಅವನ ಕಿಸೆಯಲ್ಲಿದ್ದಿದ್ದರೆ ಅವನು ಏನು ಹೇಳಿದರೂ ಲಿಫ್ಟ್ ಅಲ್ಲಾಡುತ್ತಿರಲಿಲ್ಲ. ಚಾವಿ ನನ್ನ ಕಿಸೆಯಲ್ಲಿತ್ತು. ಆ ವರದಿಯಲ್ಲಿ ನಾನು ಸುಳ್ಳು ಬರೆದಿದ್ದೇನೆ" ಎಂದೆ. ಕನ್ನಡದಲ್ಲಿ ಹೇಳಿದೆ, ಹಿಂದಿಯಲ್ಲಿ ಹೇಳಿದೆ, ಪ್ರಧಾನ್ ಸಾಹೇಬರಿಗೆ ತಪ್ಪಿ ಹೋಗಬಾರದೆಂದು ಮರಾಠಿಯಲ್ಲೂ ಹೇಳಿದೆ. ನೆರೂಳಿನ ಲಿಫ್ಟಿನ ಹೆಂಗಸಿನ ಹಾಗೆ.

ಸಾಹೇಬರು ಕ್ಯಾಬಿನ್ನಿಗೆ ಕರೆದು, "ಫೈಲ್ ಬಂದ್ ಝಾಲೀ, ವಾಸು" ಎಂದರು. ಫೈಲ್ ಮುಚ್ಚಿ ಆಯಿತು. ನಾನು ಚೀಲದಿಂದ ಸಾರಿನ ಕಲೆಯ ಕಾಗದ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮದು ಬಂದ್ ಆಗಿರಬಹುದು ಸರ್, ನನ್ನದು ಈಗ ಬಂದಿದೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕ್ಯಾಬಿನ್ನಿಗೆ ಬರುವ ಮೊದಲೇ ನನ್ನ ಮೊಬೈಲಿನಿಂದ ಒಂದು ಪ್ರತಿ ಮುಖ್ಯ ಕಚೇರಿಗೂ ಹೋಗಿದೆ ಎಂದಾಗ ಅರ್ಥವಾಯಿತು.

ಆಮೇಲೆ ಆದದ್ದು ಇಷ್ಟು. ಚಾವಿಯ ಸುಧಾರಣೆಯನ್ನು ಸದ್ದಿಲ್ಲದೆ ಹಿಂದೆಗೆದುಕೊಂಡರು. ಶರಣಪ್ಪನ ಪರೀಕ್ಷೆ ನಡೆಸಿ, ಮೂರು ಬೆರಳಿನಲ್ಲೂ ಅವನು ಉಳಿದವರಿಗಿಂತ ವಾಸಿ ಎಂದು ಒಪ್ಪಿ, ಪಟ್ಟಿಗೆ ಮತ್ತೆ ಸೇರಿಸಿದರು. ನನ್ನನ್ನು ಟವರುಗಳಿಂದ ತೆಗೆದು ಉಲ್ಹಾಸನಗರಕ್ಕೆ ಹಾಕಿದರು. ಅಲ್ಲಿ ಮೂರು ಮಾಳಿಗೆಯ ಹಳೆಯ ಕಟ್ಟಡಗಳು, ಬಟ್ಟೆಯ ಗಂಟು ಸಾಗಿಸುವ ಲಿಫ್ಟುಗಳು. ಇಪ್ಪತ್ತೆರಡು ಮಾಳಿಗೆಯಿಂದ ಮೂರಕ್ಕೆ ಇಳಿದದ್ದೇ ನಾಯಕನಾಗಿ ನಾನು ಬೆಳೆದ ಬಗೆ. ತಲೆನೋವು ಎಲ್ಲ ಒಂದೇ ಕಡೆ ಇರಲಿ ಎಂದೋ ಏನೋ, ಶರಣಪ್ಪನನ್ನೂ ಅಲ್ಲಿಗೇ ಕಳಿಸಿದರು.

ನಮ್ಮ ತಂಡದಲ್ಲಿ 'ಬಂದ್' ಎಂಬ ಮಾತನ್ನೇ ಬಂದ್ ಮಾಡಿದೆವು. ಆಫ್ ಆದ ಲಿಫ್ಟಿಗೆ ಶರಣಪ್ಪ ಹೊಸ ಮಾತು ಕೊಟ್ಟ: "ಮಲಗ್ಯಾದ." ಆನ್ ಆದರೆ "ಎದ್ದದ." ರತ್ನಾಗಿರಿಯ ಹುಡುಗರೂ ಈಗ ಹೀಗೇ ಹೇಳುತ್ತಾರೆ. ಕೇಳಿದವನು ಅದನ್ನೇ ತಿರುಗಿ ಹೇಳಬೇಕು. ಬೀಗ ಹಾಕಿದ ಮೇಲೆ ಶರಣಪ್ಪ ಮಾತ್ರ ಇನ್ನೊಂದು ಕೆಲಸ ಮಾಡುತ್ತಿದ್ದ. ಹೊಂಡಕ್ಕೆ ಇಳಿಯುವ ಮೊದಲು, ಆ ಮೂರು ಬೆರಳಿನ ಕೈಯಲ್ಲಿ ಚಾವಿ ಎತ್ತಿ ನನಗೆ ತೋರಿಸಿ, ಕಿಸೆಗೆ ಹಾಕಿಕೊಳ್ಳುತ್ತಿದ್ದ. ಆರು ವರ್ಷ, ಒಂದು ದಿನವೂ ತಪ್ಪಿಸಲಿಲ್ಲ.

ಒಮ್ಮೆ ಚಹಾ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ, "ಶರಣಪ್ಪ, ನನ್ನ ಮೇಲೆ ಇನ್ನೂ ಸಿಟ್ಟು ಉಂಟಾ?"

ಅವನು ಲೋಟ ಕೆಳಗಿಟ್ಟು, "ಉಂಟ್ರಿ ಸರ" ಎಂದ. ನನ್ನ ಮಾತಿನಲ್ಲೇ ಹೇಳಿದ, ಅರ್ಥ ತಪ್ಪಬಾರದೆಂದು.

ನಿವೃತ್ತಿಯ ದಿನ ಸಮಾರಂಭಕ್ಕೆ ಪ್ರಧಾನ್ ಸಾಹೇಬರೇ ಬಂದರು. ಅಷ್ಟರಲ್ಲಿ ಅವರು ಇನ್ನೂ ಮೇಲೆ ಹೋಗಿದ್ದರು. ಶಾಲು, ತೆಂಗಿನಕಾಯಿ, ನನ್ನ ಸೇವೆಯ ಬಗ್ಗೆ ಏಳು ಬಾಣದ ಒಂದು ಸ್ಲೈಡ್. ಆಮೇಲೆ ಫೋಟೊಗೆ ಅವರದೇ ಒಂದು ಉಪಾಯ: ಮೆಕ್ಯಾನಿಕ್ಕುಗಳೆಲ್ಲ ತಮ್ಮ ತಮ್ಮ ಚಾವಿಯನ್ನು ಹೂವಿಟ್ಟ ತಟ್ಟೆಯಲ್ಲಿ ಹಾಕಿ ನನ್ನ ಕೈಗೆ ಕೊಡಬೇಕು, ನಾನು ಅದನ್ನು ಹೊಸ ಸೂಪರ್‌ವೈಸರನಿಗೆ ಒಪ್ಪಿಸಬೇಕು. ನಾಯಕತ್ವದ ಹಸ್ತಾಂತರವಂತೆ. ಫೋಟೊ ತೆಗೆದ ಮೇಲೆ ಚಾವಿ ವಾಪಸ್. ಏಳು ಜನ ಹಾಕಿದರು. ಶರಣಪ್ಪ ಕಿಸೆಯ ಮೇಲೆ ಕೈಯಿಟ್ಟುಕೊಂಡು ನಿಂತ.

"ಅರೇ ಭಾಯ್, ಫಕ್ತ್ ಫೋಟೊ ಕೇ ಲಿಯೇ" ಎಂದರು ಸಾಹೇಬರು.

ಶರಣಪ್ಪ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. "ನಂದು ನನ್ನ ಕಿಸೇದಾಗ ಇರ್ಲಿ ಬಿಡ್ರಿ ಸರ" ಎಂದ.

"ಇರಲಿ" ಎಂದೆ. ತಟ್ಟೆಯಲ್ಲಿದ್ದ ಏಳು ಚಾವಿಗಳನ್ನೂ ಅವರವರಿಗೆ ತಿರುಗಿ ಕೊಟ್ಟೆ, ಪ್ರತಿಯೊಬ್ಬರೂ ಕಿಸೆಗೆ ಹಾಕಿಕೊಳ್ಳುವ ತನಕ ನಿಂತೆ. ಖಾಲಿ ತಟ್ಟೆಯ ಹೂವನ್ನು ಹೊಸ ಸೂಪರ್‌ವೈಸರನ ಕೈಗೆ ಕೊಟ್ಟೆ. ಕಂಪನಿಯವರ ಬಳಿ ಇರುವ ಫೋಟೊ ಅದೇ. ಅದರಲ್ಲಿ ನಾನು ನಗುತ್ತಿದ್ದೇನೆ, ಎಚ್‌ಆರ್ ಹುಡುಗಿ ಬೇಕಿದ್ದರೆ ಅದನ್ನೇ ಹಾಕಿಕೊಳ್ಳಲಿ.